ಅಪ್ಪನ ಡಿಸ್ಚಾರ್ಜ್ ಬುಕ್ಕಿನಲ್ಲಿ ಬಿಟ್ಟುಹೋದ ಪದಕಗಳು, ಅಮ್ಮನ ಪಿಂಚಣಿ ಕಾಗದದಲ್ಲಿ ತಪ್ಪಿದ ಹೆಸರು

ಪ್ರಶ್ನೆ: ನನ್ನ ತಂದೆಯವರು 1963ರಲ್ಲಿ ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಭರ್ತಿಯಾಗಿ, 1980ರಲ್ಲಿ ಹವಾಲ್ದಾರರಾಗಿ ಪಿಂಚಣಿಯೊಂದಿಗೆ ನಿವೃತ್ತರಾದರು. 2019ರಲ್ಲಿ ತೀರಿಕೊಂಡರು. ಅವರ ಡಿಸ್ಚಾರ್ಜ್ ಬುಕ್ಕಿನ ಪದಕಗಳ ಪುಟದಲ್ಲಿ ರಕ್ಷಾ ಮೆಡಲ್ ಮತ್ತು 9 ವರ್ಷಗಳ ದೀರ್ಘ ಸೇವಾ ಪದಕ ಎಂದು ಎರಡೇ ಹೆಸರುಗಳಿವೆ. ಆದರೆ 1971ರ ಯುದ್ಧದಲ್ಲಿ ತಾವು ಪೂರ್ವ ಪಾಕಿಸ್ತಾನದ ಜಮಾಲ್‌ಪುರದಲ್ಲಿ ಇದ್ದುದಾಗಿ ಅವರು ಯಾವಾಗಲೂ ಹೇಳುತ್ತಿದ್ದರು. ಟ್ರಂಕಿನಲ್ಲಿ ಹೆಸರು ಗೊತ್ತಿಲ್ಲದ ಮತ್ತೊಂದು ಪದಕವೂ ಸಿಕ್ಕಿದೆ. ತಾಯಿಯ ಹೆಸರು ಪಿಪಿಒದಲ್ಲಿ (ಪಿಂಚಣಿ ಪಾವತಿ ಆದೇಶದಲ್ಲಿ) 'ನಾಗಿ' ಎಂದೂ ಆಧಾರ್‌ನಲ್ಲಿ 'ನಾಗವೇಣಿ' ಎಂದೂ ಇದೆ. ತಂದೆಯ ಜನ್ಮದಿನಾಂಕ ಜಾತಕಕ್ಕೆ ಹೊಂದುವುದಿಲ್ಲ. ಇಷ್ಟು ವರ್ಷಗಳ ಮೇಲೆ ಇವನ್ನೆಲ್ಲ ಸರಿಪಡಿಸಲು ಬರುತ್ತದೆಯೇ? ಮಕ್ಕಳು ಅರ್ಜಿ ಹಾಕಬಹುದೇ?
— ಓದುಗರೊಬ್ಬರು, ಅಂಕೋಲಾ ತಾಲೂಕು

ಉತ್ತರ: ನಿಮ್ಮ ಪತ್ರದಲ್ಲಿ ಪದಕದ ವಿಷಯ ಮೊದಲು, ತಾಯಿಯವರ ಹೆಸರಿನ ವಿಷಯ ಆಮೇಲೆ ಬಂದಿದೆ. ಕೆಲಸ ಮಾಡುವಾಗ ಈ ಕ್ರಮವನ್ನು ತಿರುಗಿಸಿಕೊಳ್ಳಬೇಕೆಂದು ನನ್ನ ಸಲಹೆ. ಪದಕ ಇನ್ನೊಂದು ವರ್ಷ ತಡವಾದರೂ ಯಾರಿಗೂ ನಷ್ಟವಿಲ್ಲ. ತಾಯಿಯವರ ಹೆಸರು ಮತ್ತು ಜನ್ಮದಿನಾಂಕ ಪಿಂಚಣಿ ದಾಖಲೆಯಲ್ಲಿ ತಪ್ಪಾಗಿದ್ದರೆ ಅದರ ಪೆಟ್ಟು ನೇರವಾಗಿ ಕುಟುಂಬ ಪಿಂಚಣಿಗೆ ಬೀಳುತ್ತದೆ. ಎರಡನ್ನೂ ಒಂದೇ ಅರ್ಜಿಯಲ್ಲಿ ಬರೆಯಬೇಡಿ. ಒಂದೇ ಕಾಗದದಲ್ಲಿ ನಾಲ್ಕು ಕೋರಿಕೆಗಳಿದ್ದರೆ ಅದು ಕಚೇರಿಯೊಳಗೆ ನಾಲ್ಕು ಮೇಜುಗಳ ನಡುವೆ ಅಲೆದು, ಕಡೆಗೆ ಯಾವುದಕ್ಕೂ ಪೂರ್ತಿ ಉತ್ತರ ಬಾರದೆ ಉಳಿಯುತ್ತದೆ.

ತಾಯಿಯವರ ಹೆಸರು ಹೀಗಾಗಲು ಕಾರಣವನ್ನು ಊಹಿಸುವುದು ಕಷ್ಟವೇನಲ್ಲ. ಜವಾನ ರಜೆಯಲ್ಲಿ ಬಂದು ಮದುವೆಯಾಗಿ ಪಲ್ಟನ್‌ಗೆ ಮರಳಿದಾಗ ಹೆಂಡತಿಯ ಹೆಸರೇನೆಂದು ಕ್ಲರ್ಕ್ ಕೇಳುತ್ತಾನೆ. ಮನೆಯಲ್ಲಿ ಕರೆಯುವ ಹೆಸರನ್ನೇ ಇವರು ಹೇಳುತ್ತಾರೆ. ಅದು ಹಾಗೆಯೇ ದಾಖಲಾಗುತ್ತದೆ. ನಮ್ಮ ಜಿಲ್ಲೆಯ ಕೆಲವು ಸಮುದಾಯಗಳಲ್ಲಿ ಮದುವೆಯ ದಿನ ಹೆಣ್ಣಿನ ಹೆಸರನ್ನೇ ಬದಲಿಸುವ ರೂಢಿಯೂ ಇತ್ತಾದ್ದರಿಂದ, ತವರಿನ ಹೆಸರು ಒಂದು, ಪಡಿತರ ಚೀಟಿಯ ಹೆಸರು ಇನ್ನೊಂದು, ಸೇನೆಯ ಕಾಗದದ ಹೆಸರು ಮತ್ತೊಂದು ಆಗಿರುವ ತಾಯಂದಿರು ಬಹಳ ಮಂದಿ ಇದ್ದಾರೆ. ತಾಯಿಯವರು ತಮ್ಮ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ, ಎರಡೂ ಹೆಸರುಗಳು ತಮ್ಮವೇ ಎಂದು ಹೇಳುವ ಅಫಿಡವಿಟ್ಟನ್ನು ನೋಟರಿಯ ಮುಂದೆ ಮಾಡಿಸಿ, ಅದಕ್ಕೆ ಆಧಾರ್, ಪ್ಯಾನ್, ಮತದಾರರ ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಪಿಒ ಮತ್ತು ಡಿಸ್ಚಾರ್ಜ್ ಬುಕ್ಕಿನ ಪ್ರತಿಗಳನ್ನು ಸೇರಿಸಿ ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ರೆಕಾರ್ಡ್ಸ್ ಕಚೇರಿಗೆ ಕಳುಹಿಸಬೇಕು. ಕಾರವಾರದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ಮುಖಾಂತರ ಕಳುಹಿಸಿದರೆ ಇನ್ನೂ ಒಳ್ಳೆಯದು. ದಾಖಲೆಗಳ ಪರಿಶೀಲನೆ ಅಲ್ಲಿಯೇ ಆಗುತ್ತದೆ. ರೆಕಾರ್ಡ್ಸ್ ಕಚೇರಿ ಒಪ್ಪಿದ ಮೇಲೆ ಪ್ರಯಾಗರಾಜ್‌ನಲ್ಲಿರುವ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ತಿದ್ದುಪಡಿ ಪಿಪಿಒ, ಅಂದರೆ ಎಲ್ಲರೂ 'ಕಾರಿಜೆಂಡಮ್' ಎನ್ನುವ ಕಾಗದ, ಹೊರಡಬೇಕು. ಖಾತೆ ಈಗಾಗಲೇ ಸ್ಪರ್ಶ್ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ ಬಂದಿದ್ದರೆ ಅದೇ ಪೋರ್ಟಲ್‌ನಲ್ಲಿಯೂ ಕೋರಿಕೆ ಸಲ್ಲಿಸಬಹುದು. ಆದರೆ ಮೂಲ ದಾಖಲೆ ರೆಕಾರ್ಡ್ಸ್‌ನಲ್ಲಿ ತಿದ್ದದೆ ಪೋರ್ಟಲ್‌ನಲ್ಲಿ ಮಾತ್ರ ತಿದ್ದಲು ಹೋದರೆ ಕೋರಿಕೆ ತಿರುಗಿ ಬರುವ ಸಂಭವ ಹೆಚ್ಚು.

ಇದೇ ಅರ್ಜಿಯಲ್ಲಿ ತಾಯಿಯವರ ಜನ್ಮದಿನಾಂಕವನ್ನೂ ಸೇರಿಸಲು ಕೇಳಿ. ಹಳೆಯ ಪಿಪಿಒಗಳಲ್ಲಿ ಹೆಂಡತಿಯ ಜನ್ಮದಿನಾಂಕದ ಜಾಗ ಖಾಲಿ ಇರುವುದು ಸಾಮಾನ್ಯ. ಕುಟುಂಬ ಪಿಂಚಣಿದಾರರಿಗೆ 80 ವರ್ಷ ತುಂಬಿದಾಗ ಮೂಲ ಪಿಂಚಣಿಯ ಶೇಕಡಾ 20ರಷ್ಟು, 85ಕ್ಕೆ ಶೇಕಡಾ 30ರಷ್ಟು, 90ಕ್ಕೆ ಶೇಕಡಾ 40ರಷ್ಟು ಹೆಚ್ಚುವರಿ ಮೊತ್ತ ಸಿಗಬೇಕು. ವಯಸ್ಸೇ ದಾಖಲೆಯಲ್ಲಿ ಇಲ್ಲದಿದ್ದರೆ ಅದನ್ನು ಯಾರೂ ತಾವಾಗಿ ಲೆಕ್ಕ ಹಾಕಿ ಕೊಡುವುದಿಲ್ಲ. ನಿಮ್ಮ ತಂದೆಯವರ ಸೇವಾಕಾಲವನ್ನು ನೋಡಿದರೆ ತಾಯಿಯವರು ಆ ವಯಸ್ಸಿಗೆ ಹತ್ತಿರದಲ್ಲಿರಬಹುದು. ನಾನು ಆತುರಪಡಿಸುತ್ತಿರುವುದು ಇದಕ್ಕಾಗಿಯೇ.

ಇನ್ನು ಪದಕಗಳ ವಿಷಯ. ಡಿಸ್ಚಾರ್ಜ್ ಬುಕ್ಕಿನಲ್ಲಿ ಇಲ್ಲದ್ದು ಇಲ್ಲವೇ ಇಲ್ಲ ಎಂದು ಅನೇಕರು ಕೈಚೆಲ್ಲುತ್ತಾರೆ. ಆ ಪುಸ್ತಕ ಮೂಲ ದಾಖಲೆಯಲ್ಲ. ನಿವೃತ್ತಿಯ ಹೊತ್ತಿಗೆ ಕ್ಲರ್ಕೊಬ್ಬ ಇತರ ಕಾಗದಗಳನ್ನು ನೋಡಿ ತುಂಬಿಸಿಕೊಟ್ಟ ಸಾರಾಂಶ ಅದು. ಸೈನಿಕನ ಬದುಕಿನ ಪ್ರತಿಯೊಂದು ಘಟನೆ, ಅಂದರೆ ಮದುವೆ, ಮಗುವಿನ ಜನನ, ಬಡ್ತಿ, ವರ್ಗ, ಪದಕ, ಇವೆಲ್ಲ ಮೊದಲು ಪ್ರಕಟವಾಗುವುದು ಘಟಕ ಹೊರಡಿಸುವ ಪಾರ್ಟ್ ಟು ಆರ್ಡರ್‌ನಲ್ಲಿ. ಅದನ್ನು ಆಧರಿಸಿ ಸೈನಿಕನ ವೈಯಕ್ತಿಕ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ನಮೂದು ಆಗುತ್ತದೆ. ಲಾಂಗ್ ರೋಲ್ ಎಂಬ ದೊಡ್ಡ ರಿಜಿಸ್ಟರಿನಲ್ಲಿ ಸಂಕ್ಷಿಪ್ತ ವಿವರ ಉಳಿಯುತ್ತದೆ. ಯುದ್ಧ ಮುಗಿದು, ಪದಕ ಘೋಷಣೆಯಾಗಿ, ಅರ್ಹರ ಪಟ್ಟಿ ತಯಾರಾಗಿ, ಅದು ಪಾರ್ಟ್ ಟು ಆರ್ಡರ್‌ಗೆ ಬರುವಷ್ಟರಲ್ಲಿ ಜವಾನ ಬೇರೆ ಕಡೆ ವರ್ಗವಾಗಿರುತ್ತಾನೆ ಅಥವಾ ಮನೆಗೇ ಬಂದಿರುತ್ತಾನೆ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ, 'ಪುಸ್ತಕದಲ್ಲಿ ಏಕೆ ಬರೆದಿಲ್ಲ' ಎಂಬುದಲ್ಲ. 'ಇಂಥ ಪದಕ ಯಾವ ಪಾರ್ಟ್ ಟು ಆರ್ಡರ್‌ನಲ್ಲಿ ಪ್ರಕಟವಾಗಿದೆ, ಪ್ರಕಟವಾಗಿಲ್ಲವಾದರೆ ಏಕೆ' ಎಂಬುದು.

ಯಾವ ಪದಕಗಳನ್ನು ಕೇಳಬೇಕೆಂದು ಮೊದಲು ನೀವೇ ಲೆಕ್ಕ ಹಾಕಿಕೊಳ್ಳಿ. ಕೆಲವು ಪದಕಗಳು ಒಂದು ದಿನಾಂಕದಂದು ಸೇವೆಯಲ್ಲಿ ಇದ್ದುದಕ್ಕೇ ಸಿಗುವಂಥವು. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವಾರ್ಷಿಕೋತ್ಸವದ ಪದಕ ಇದೆ. 1963ರಿಂದ 1980ರವರೆಗೆ ಸತತವಾಗಿ ಸೇವೆ ಸಲ್ಲಿಸಿದವರಿಗೆ ಅದು ತಪ್ಪುವ ಮಾತೇ ಇಲ್ಲ, ಆದರೂ ನಿಮ್ಮ ಪಟ್ಟಿಯಲ್ಲಿ ಅದರ ಹೆಸರಿಲ್ಲ. ಇದೊಂದೇ ಸಾಕು, ಆ ಪುಟವನ್ನು ಪೂರ್ತಿ ತುಂಬಿಲ್ಲ ಎಂದು ಹೇಳಲು. ಎರಡನೆಯ ಬಗೆಯವು ಜಾಗ ಮತ್ತು ಕಾಲ ಎರಡನ್ನೂ ನೋಡುತ್ತವೆ. 1965ರ ಯುದ್ಧದ ಕಾಲದ ಸೇವೆಗೆ ಸಾಮಾನ್ಯವಾಗಿ ರಕ್ಷಾ ಮೆಡಲ್, ಕಾರ್ಯಾಚರಣೆಯ ಪ್ರದೇಶದಲ್ಲಿಯೇ ಇದ್ದವರಿಗೆ ಸಮರ ಸೇವಾ ಸ್ಟಾರ್. 1971ರ ಯುದ್ಧಕ್ಕೆ ಸಂಬಂಧಿಸಿ ಸಂಗ್ರಾಮ ಮೆಡಲ್ ಇದ್ದು, ಅದರ ಅವಧಿ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರವರೆಗೆ. ರಣರಂಗದಲ್ಲಿಯೇ ಇದ್ದವರಿಗೆ ಪೂರ್ವದಲ್ಲಾದರೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಾದರೆ ಪಶ್ಚಿಮಿ ಸ್ಟಾರ್. ಗಡಿ ಮತ್ತು ದುರ್ಗಮ ಪ್ರದೇಶಗಳ ಸೇವೆಗೆ ಸೈನ್ಯ ಸೇವಾ ಮೆಡಲ್ ಇದ್ದು, ಜಮ್ಮು-ಕಾಶ್ಮೀರ, ಹಿಮಾಲಯ ಎಂದು ಪ್ರದೇಶದ ಹೆಸರಿರುವ ಲೋಹದ ಪಟ್ಟಿಯನ್ನು ಅದರ ರಿಬ್ಬನ್ನಿನ ಮೇಲೆ ಕೂರಿಸುತ್ತಾರೆ. ಮೂರನೆಯ ಬಗೆಯವು ಆಯ್ಕೆಯಿಂದ ಬರುವಂಥವು: ಶೌರ್ಯ ಪದಕಗಳು, ಮೆರಿಟೋರಿಯಸ್ ಸರ್ವಿಸ್ ಮೆಡಲ್ ಮುಂತಾದವು. ಇವನ್ನು ಹಕ್ಕಿನಿಂದ ಕೇಳಲು ಬರುವುದಿಲ್ಲ. ಶೌರ್ಯ ಪದಕವಾಗಿದ್ದರೆ ಭಾರತದ ಗೆಜೆಟ್‌ನಲ್ಲಿ ಹೆಸರು ಇರಲೇಬೇಕು, ಅಲ್ಲಿ ಇಲ್ಲದಿದ್ದರೆ ಮಾತು ಮುಗಿಯಿತು.

ಜಮಾಲ್‌ಪುರದ ಮಾತು ಇಲ್ಲಿ ಬಹಳ ಬೆಲೆಯುಳ್ಳದ್ದು. ಮರಾಠಾ ರೆಜಿಮೆಂಟಿನ ಒಂದನೇ ಬೆಟಾಲಿಯನ್, ಜನರ ಬಾಯಲ್ಲಿ ಜಂಗಿ ಪಲ್ಟನ್, 1971ರ ಡಿಸೆಂಬರಿನಲ್ಲಿ ಬ್ರಹ್ಮಪುತ್ರವನ್ನು ದಾಟಿ ಜಮಾಲ್‌ಪುರದ ಕಾಳಗದಲ್ಲಿ ಹೋರಾಡಿದ್ದು ದಾಖಲಾದ ಇತಿಹಾಸ. ನಿಮ್ಮ ತಂದೆಯವರು ಆ ಪಲ್ಟನ್ನಿನಲ್ಲಿ ಆ ದಿನಗಳಲ್ಲಿ ಹಾಜರಿದ್ದರೆ ಪೂರ್ವಿ ಸ್ಟಾರ್ ಅವರದೇ. ಆದರೆ ಪಲ್ಟನ್ ಹೋರಾಡಿತು ಎಂದ ಮಾತ್ರಕ್ಕೆ ಅದರ ಪಟ್ಟಿಯಲ್ಲಿದ್ದ ಪ್ರತಿಯೊಬ್ಬನೂ ಅಲ್ಲಿದ್ದ ಎಂದು ರೆಕಾರ್ಡ್ಸ್‌ನವರು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ. ಅದೇ ಹೊತ್ತಿಗೆ ಕೆಲವರು ರಜೆಯಲ್ಲಿ, ಕೆಲವರು ಆಸ್ಪತ್ರೆಯಲ್ಲಿ, ಕೆಲವರು ಬೆಳಗಾವಿಯ ಸೆಂಟರಿನಲ್ಲಿ ತರಬೇತಿಯ ಕೆಲಸದಲ್ಲಿ ಇರುತ್ತಾರೆ. ಆ ತಿಂಗಳಲ್ಲಿ ಅವರು ಯಾವ ಘಟಕದಲ್ಲಿ ಹಾಜರಿದ್ದರು ಎಂಬುದು ಕಾಗದದಲ್ಲಿ ಸಿಗಬೇಕು.

ಟ್ರಂಕಿನಲ್ಲಿ ಸಿಕ್ಕ ಪದಕವನ್ನು ಈಗ ಕೈಗೆತ್ತಿಕೊಳ್ಳಿ. ಹುಣಸೆಹಣ್ಣು, ಬೂದಿ, ಬ್ರಾಸೋ ಯಾವುದರಿಂದಲೂ ತಿಕ್ಕಬೇಡಿ. ಅದರ ಮುಖವನ್ನು ಬಿಟ್ಟು ಅಂಚನ್ನು ನೋಡಿ: ನಾಣ್ಯದ ದಪ್ಪದ ಆ ಸುತ್ತಿನ ಮೇಲೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಸೇವಾ ಸಂಖ್ಯೆ, ದರ್ಜೆ, ಹೆಸರು ಮತ್ತು ಘಟಕ ಕೆತ್ತಿರುತ್ತದೆ. ಭೂತಗನ್ನಡಿಯನ್ನು ಹಿಡಿದು, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು, ಪದಕವನ್ನು ನಿಧಾನವಾಗಿ ತಿರುಗಿಸುತ್ತ ಓದಿ. ಮರಾಠಾ ರೆಜಿಮೆಂಟಿನ ಜವಾನರ ಸಂಖ್ಯೆ 27ರಿಂದ ಆರಂಭವಾಗುತ್ತದೆ. ಅದು ಡಿಸ್ಚಾರ್ಜ್ ಬುಕ್ಕಿನ ಸಂಖ್ಯೆಗೆ ಅಂಕಿ ಅಂಕಿಗೆ ತಾಳೆಯಾದರೆ, ಆ ಪದಕ ನಿಮ್ಮ ತಂದೆಯವರಿಗೇ ಅಧಿಕೃತವಾಗಿ ಬಂದದ್ದು ಎಂಬುದಕ್ಕೆ ಬಲವಾದ ಸಾಕ್ಷಿ. ದರ್ಜೆಯನ್ನೂ ಗಮನಿಸಿ, ಸಿಪಾಯಿ ಎಂದಿದ್ದರೆ ಆರಂಭದ ವರ್ಷಗಳ ಪದಕವಿರಬಹುದು. ಅಂಚು ನುಣ್ಣಗೆ ಖಾಲಿ ಇದ್ದರೆ ಅದು ದಂಡು ಪ್ರದೇಶದ ಅಂಗಡಿಯಿಂದ ಕೊಂಡದ್ದಾಗಿರಬಹುದು. ಅದರಲ್ಲಿ ಅವಮಾನವೇನೂ ಇಲ್ಲ. ಅಸಲು ಪದಕ ಕೈಗೆ ಬರುವುದು ತಡವಾದಾಗ ಪರೇಡಿಗೆಂದು ಅಂಗಡಿಯ ಪದಕವನ್ನು ಕೊಂಡು ಧರಿಸಿದವರು ಎಷ್ಟೋ ಜನ. ಆದರೆ ಅಂಥದ್ದನ್ನು ಸಾಕ್ಷಿಯೆಂದು ಅರ್ಜಿಗೆ ಲಗತ್ತಿಸಬೇಡಿ. ಅಂಚಿನ ಅಕ್ಷರಗಳು ಕಾಣುವಂತೆ ಮೂರು-ನಾಲ್ಕು ಫೋಟೋ ತೆಗೆದು ಇಟ್ಟುಕೊಳ್ಳಿ. ಅಸಲನ್ನು ಅಂಚೆಯಲ್ಲಿ ಎಲ್ಲಿಗೂ ಕಳುಹಿಸಬೇಡಿ.

ಇಷ್ಟಾದ ಮೇಲೆ ರೆಕಾರ್ಡ್ಸ್ ಕಚೇರಿಗೆ ಪತ್ರ. ಮಕ್ಕಳು ಕೇಳಬಹುದೇ ಎಂದರೆ, ಕೇಳಬಹುದು. ಆದರೆ ತಾಯಿಯವರು ಇರುವಾಗ ದಾಖಲೆಯ ಪ್ರಕಾರ ಅವರೇ ಹತ್ತಿರದ ವಾರಸುದಾರರು, ಅರ್ಜಿ ಅವರ ಹೆಸರಿನಲ್ಲಿಯೇ ಹೋಗಲಿ. ವಿಷಯದ ಸಾಲಿನಲ್ಲಿಯೇ ಸೇವಾ ಸಂಖ್ಯೆ, ದರ್ಜೆ, ಹೆಸರು, ಭರ್ತಿ ಮತ್ತು ನಿವೃತ್ತಿಯ ದಿನಾಂಕ ಬರಬೇಕು, ಏಕೆಂದರೆ ಕಡತವನ್ನು ಹುಡುಕುವುದು ಸಂಖ್ಯೆಯ ಮೇಲೆ. ದೇಶಸೇವೆಯ ವರ್ಣನೆ ಬೇಡ, ದೂರು ಬೇಡ. ಅರ್ಧ ಪುಟ ಸಾಕು. 'ಇವರಿಗೆ ಮಂಜೂರಾದ ಎಲ್ಲ ಪದಕಗಳ ಪಟ್ಟಿಯನ್ನು ಪಾರ್ಟ್ ಟು ಆರ್ಡರಿನ ಸಂಖ್ಯೆ ಮತ್ತು ದಿನಾಂಕದೊಂದಿಗೆ ತಿಳಿಸಬೇಕು. 1971ರ ಡಿಸೆಂಬರ್ ತಿಂಗಳಿನಲ್ಲಿ ಇವರು ಯಾವ ಘಟಕದಲ್ಲಿದ್ದರೆಂದು ತಿಳಿಸಬೇಕು. ಮಂಜೂರಾಗಿ ವಿತರಣೆಯಾಗದ ಪದಕಗಳಿದ್ದರೆ ಕುಟುಂಬಕ್ಕೆ ಕಳುಹಿಸಬೇಕು' ಎಂದು ಬರೆಯಿರಿ. ತಂದೆಯವರ ಮರಣ ಪ್ರಮಾಣಪತ್ರದ ಪ್ರತಿಯನ್ನು ಸೇರಿಸಿ, ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಿ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು, ಅದು ದಾಟಿದರೆ ಮೊದಲ ಮೇಲ್ಮನವಿ. ಗುಪ್ತಚರ ಸಂಸ್ಥೆಗಳಿಗೆ ಇರುವ ವಿನಾಯಿತಿ ಸೇನೆಯ ರೆಕಾರ್ಡ್ಸ್ ಕಚೇರಿಗಳಿಗೆ ಇಲ್ಲ. ಮಾಹಿತಿ ಹಕ್ಕಿನಲ್ಲಿ ಪದಕವನ್ನು ಕೊಡಿ ಎಂದು ಕೇಳಲು ಬರುವುದಿಲ್ಲ, ಕಾಗದವನ್ನು ಮಾತ್ರ ಕೇಳಬಹುದು: ಲಾಂಗ್ ರೋಲ್‌ನ ನಮೂದಿನ ದೃಢೀಕೃತ ಪ್ರತಿ, ಶೀಟ್ ರೋಲ್‌ನ ಪದಕಗಳ ಪುಟ, ಸಂಬಂಧಪಟ್ಟ ಪಾರ್ಟ್ ಟು ಆರ್ಡರ್‌ಗಳ ಪ್ರತಿ. ತಾಯಿಯವರ ಹೆಸರಿನಲ್ಲಿಯೇ ಕೇಳುವುದು ಇಲ್ಲಿಯೂ ಒಳ್ಳೆಯದು, ಮೂರನೆಯವರ ವೈಯಕ್ತಿಕ ಮಾಹಿತಿ ಎಂಬ ನೆಪಕ್ಕೆ ಎಡೆ ಇರುವುದಿಲ್ಲ.

ಬರುವ ಉತ್ತರ ಹೀಗೆಯೇ ಇರುತ್ತದೆಂದು ಹೇಳಲಾಗದು. ಪದಕ ಪ್ರಕಟವಾಗಿದೆ, ವಿತರಣೆಯಾಗಿಲ್ಲ ಎಂದು ಬಂದರೆ ಕೆಲಸ ಹಗುರ. ವಿತರಣೆಯೂ ಆಗಿದೆ ಎಂದು ಬಂದರೆ ಅದು ಕಳೆದುಹೋದ ಪದಕದ ಲೆಕ್ಕಕ್ಕೆ ಸೇರುತ್ತದೆ. ಪೊಲೀಸ್ ಠಾಣೆಯ ನಷ್ಟದ ವರದಿ ಮತ್ತು ಅಫಿಡವಿಟ್ಟಿನೊಂದಿಗೆ ಬದಲಿ ಪದಕಕ್ಕೆ ಅರ್ಜಿ ಹಾಕಬೇಕು. ಪ್ರಕಟವೇ ಆಗಿಲ್ಲ ಎಂದು ಬಂದಾಗ ಮಾತ್ರ ನಿಜವಾದ ಶ್ರಮ ಇದೆ. ಆಗ ತಂದೆಯವರು ಅಲ್ಲಿದ್ದರೆಂದು ತೋರಿಸುವ ಸಮಕಾಲೀನ ಕಾಗದ ಬೇಕು: ಆ ತಿಂಗಳು ಸೇನಾ ಅಂಚೆಯ ಮೂಲಕ ಮನೆಗೆ ಬಂದ, ಮುದ್ರೆಯಿರುವ ಪತ್ರ, ಮನಿಯಾರ್ಡರಿನ ಕೂಪನ್, ಗಾಯಗೊಂಡಿದ್ದರೆ ಆಸ್ಪತ್ರೆಯ ಚೀಟಿ, ಜೊತೆಯಲ್ಲಿದ್ದವರ ಡಿಸ್ಚಾರ್ಜ್ ಬುಕ್ಕಿನ ಪ್ರತಿಯೊಂದಿಗೆ ಅವರ ಹೇಳಿಕೆ. ಹಳೆಯ ಕಾಗದಗಳನ್ನು ಗೆದ್ದಲು ಹಿಡಿದವೆಂದು ಸುಡುವ ಮೊದಲು ಒಮ್ಮೆ ಕೂತು ನೋಡುವುದು ಮೇಲು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಇಂಕು ಹಬ್ಬಿದ ಪತ್ರದಲ್ಲಿಯೂ ಅಂಚೆಯ ಮುದ್ರೆ ಓದುವಂತಿರುತ್ತದೆ. ನೀವು ಒಂದು ದೃಷ್ಟಿಯಿಂದ ಅದೃಷ್ಟವಂತರು. ಪಿಂಚಣಿಯಿಲ್ಲದೆ ಹೊರಬಂದವರ ಸೇವಾ ಕಾಗದಗಳನ್ನು 25 ವರ್ಷಗಳ ನಂತರ ನಾಶಪಡಿಸಲು ಸೇನಾ ನಿಯಮಾವಳಿಯ 595ನೇ ಪ್ಯಾರಾ ಅವಕಾಶ ಕೊಡುತ್ತದೆ. ಅಂಥವರಿಗೆ ಉಳಿಯುವ ಆಸರೆ ಲಾಂಗ್ ರೋಲ್ ಒಂದೇ.

ತಂದೆಯವರ ಜನ್ಮದಿನಾಂಕವನ್ನು ಮುಟ್ಟಬೇಡಿ. ಭರ್ತಿಯ ದಿನ ಬರೆಸಿದ ಜನ್ಮದಿನಾಂಕವನ್ನು ಕೈತಪ್ಪಿನಿಂದ ಆದ ದೋಷದ ಹೊರತು ಬದಲಿಸುವುದಿಲ್ಲ ಎಂಬುದು ಸೇನೆಯ ಗಟ್ಟಿ ನಿಲುವು, ಜಾತಕವನ್ನು ಅಲ್ಲಿ ಯಾರೂ ಪುರಾವೆಯೆಂದು ಎಣಿಸುವುದಿಲ್ಲ. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಜನ್ಮವರ್ಷ ಸೇನಾ ಕೇಂದ್ರ ಕಚೇರಿಯ ಒಂದು ಶಾಖೆಯಲ್ಲಿ 1950, ಇನ್ನೊಂದರಲ್ಲಿ 1951 ಎಂದಿದ್ದು, ಆ ವಿವಾದ 2012ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಅವರು ಅರ್ಜಿಯನ್ನು ಹಿಂತೆಗೆದುಕೊಳ್ಳುವಲ್ಲಿ ಮುಗಿಯಿತು. ತೀರಿಕೊಂಡವರ ಜನ್ಮದಿನಾಂಕದಿಂದ ನಿಮ್ಮ ಕುಟುಂಬಕ್ಕೆ ಈಗ ಯಾವ ಲಾಭವೂ ಇಲ್ಲ. ಅನಗತ್ಯವಾದ ಒಂದು ವಿರೋಧಾಭಾಸವನ್ನು ಕಡತದೊಳಗೆ ನೀವೇ ಸೇರಿಸಿದಂತಾಗುತ್ತದೆ.

ಹೆಸರು ಮತ್ತು ವಿಳಾಸದ ಬಗ್ಗೆ ನಮ್ಮ ಜಿಲ್ಲೆಯವರಿಗೆ ಮಾತ್ರ ಬರುವ ಕೆಲವು ತೊಡಕುಗಳಿವೆ. ನಾಯ್ಕ ಎಂಬುದು ಇಲ್ಲಿ ಮನೆತನದ ಹೆಸರು, ಸೇನೆಯಲ್ಲಿ ತೋಳಿನ ಮೇಲೆ ಎರಡು ಪಟ್ಟಿ ಧರಿಸುವ ದರ್ಜೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಕಾಗುಣಿತ ಬಳಕೆಯಾಗುವುದರಿಂದ ಒಂದು ಬಿಟ್ಟುಹೋಗಿ ಹೆಸರು ಮೊಟಕಾಗಬಹುದು. ನಿಮ್ಮದೂ ಅಂಥದ್ದಾಗಿದ್ದರೆ ಅರ್ಜಿಯಲ್ಲಿ ದರ್ಜೆಗೂ ಹೆಸರಿಗೂ ನಡುವೆ ಸ್ಪಷ್ಟವಾದ ಅಂತರ ಕೊಡಿ. 1956ರ ನವೆಂಬರ್‌ಗೆ ಮೊದಲು ಭರ್ತಿಯಾದವರ ಕಾಗದದಲ್ಲಿ ಊರು ಬಾಂಬೆ ರಾಜ್ಯದ ನಾರ್ತ್ ಕೆನರಾ ಎಂದಿರುತ್ತದೆ. ಅದು ತಪ್ಪಲ್ಲ, ತಿದ್ದಿಸಬೇಕಾಗಿಲ್ಲ. ಸೀಬರ್ಡ್ ನೌಕಾನೆಲೆಗಾಗಿ ಅರಗಾದಂಥ ಊರುಗಳನ್ನು ಬಿಟ್ಟು ಬಂದ ಕುಟುಂಬಗಳ ವಿಷಯ ಬೇರೆ. ರೆಕಾರ್ಡ್ಸ್‌ನಲ್ಲಿ ಹಳೆಯ ವಿಳಾಸವೇ ಉಳಿದಿದ್ದರೆ ನಿಮಗೆ ಬರಬೇಕಾದ ಪತ್ರ ಇಲ್ಲದ ಮನೆಗೆ ಹೋಗಿ ಹಿಂದಿರುಗುತ್ತದೆ. ಹೊಸ ವಿಳಾಸವನ್ನು ಮೊದಲ ಪತ್ರದಲ್ಲಿಯೇ ದಾಖಲಿಸಿ.

ಕಾರವಾರದ ಕಡೆಯ ನೌಕಾಪಡೆಯ ಹಿರಿಯರೂ ಇದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಿರುತ್ತಾರಾದ್ದರಿಂದ ಒಂದು ಮಾತು. ಮನೆಯ ಹತ್ತಿರವೇ ಐಎನ್‌ಎಸ್ ಕದಂಬ ಇದೆಯೆಂದು ಅದರ ಗೇಟಿಗೆ ಹೋಗಿ ನಿಲ್ಲುವುದರಿಂದ ಪ್ರಯೋಜನವಿಲ್ಲ. ನಾವಿಕರ ದಾಖಲೆಗಳು ಇರುವುದು ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. 1961ರ ಡಿಸೆಂಬರಿನಲ್ಲಿ ನಮ್ಮ ಕಡಲಿನ ಎದುರಿಗಿರುವ ಅಂಜದೀವ ದ್ವೀಪದ ಕಾರ್ಯಾಚರಣೆಯಲ್ಲಿ ತ್ರಿಶೂಲ್ ಮತ್ತು ಮೈಸೂರು ಹಡಗುಗಳಲ್ಲಿದ್ದವರ ಕುಟುಂಬಗಳು 1947ರ ಜನರಲ್ ಸರ್ವಿಸ್ ಮೆಡಲ್‌ಗೆ 'ಗೋವಾ 1961' ಎಂಬ ಪಟ್ಟಿ ದಾಖಲಾಗಿದೆಯೇ ಎಂದು ಅಲ್ಲಿ ವಿಚಾರಿಸಬೇಕು. ವಾಯುಸೇನೆಯವರು ದೆಹಲಿಯ ಸುಬ್ರೊತೋ ಪಾರ್ಕಿನ ಕಚೇರಿಗೆ ಬರೆಯಬೇಕು.

ಕೊನೆಗೆ ನ್ಯಾಯಾಲಯದ ದಾರಿ. ಕರ್ನಾಟಕದವರಿಗೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠ ಇದೆ. ಅಂತಿಮ ಆದೇಶ ಬಂದ ಆರು ತಿಂಗಳೊಳಗೆ ಹೋಗಬೇಕೆಂದು 2007ರ ಕಾಯ್ದೆ ಹೇಳುತ್ತದೆ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರವೂ ಪೀಠಕ್ಕಿದೆ. ಬರೀ ಪದಕಕ್ಕಾಗಿ ಅಲ್ಲಿಯವರೆಗೆ ಹೋಗಬೇಕೆಂದು ನಾನು ಹೇಳಲಾರೆ, ವಕೀಲರ ಖರ್ಚೇ ಭಾರವಾಗುತ್ತದೆ. ತಾಯಿಯವರ ಹೆಚ್ಚುವರಿ ಪಿಂಚಣಿ ತಡೆಹಿಡಿದಿದ್ದರೆ ಮಾತು ಬೇರೆ. ಪಿಂಚಣಿ ತಿಂಗಳು ತಿಂಗಳೂ ಮರುಕಳಿಸುವ ಹಕ್ಕಾದ್ದರಿಂದ ತಡವಾಗಿ ಬಂದವರನ್ನೂ ಪೂರ್ತಿ ಹೊರಗೆ ಹಾಕುವಂತಿಲ್ಲ, ಆದರೆ ಬಾಕಿ ಹಣವನ್ನು ಸಾಮಾನ್ಯವಾಗಿ ಅರ್ಜಿಗೆ ಹಿಂದಿನ ಮೂರು ವರ್ಷಗಳಿಗೆ ಸೀಮಿತಗೊಳಿಸಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅಲ್ಲಿಗೆ ಹೋಗುವಾಗ ಮೊದಲು ಕೇಳುವುದು ನೀವು ರೆಕಾರ್ಡ್ಸ್‌ಗೆ ಬರೆದ ಪತ್ರದ ಪ್ರತಿ, ಅಂಚೆಯ ರಸೀದಿ ಮತ್ತು ಬಂದ ಉತ್ತರವನ್ನು. ಆದ್ದರಿಂದ ಫೋನಿನಲ್ಲಿ ಸಿಕ್ಕ ಭರವಸೆಯನ್ನು ನೆಚ್ಚಿಕೊಂಡು ಕೂರದೆ, ತಾಯಿಯವರ ಹೆಸರಿನ ಅರ್ಜಿಯನ್ನು ಈ ವಾರವೇ ಬರವಣಿಗೆಯಲ್ಲಿ ಕಳುಹಿಸಿ, ಪದಕದ ಅರ್ಜಿಯನ್ನು ಅಂಚಿನ ಫೋಟೋ ಸಿದ್ಧವಾದ ಮೇಲೆ ಬೇರೆ ಲಕೋಟೆಯಲ್ಲಿ ಹಾಕಿ.